ಎರಡು ಸರ್ಕಾರಗಳು ಕಟ್ಟಿದ ಒಂದು ಅಣೆಕಟ್ಟು

1945ರ ಫೆಬ್ರವರಿ 28ರಂದು ಹೊಸಪೇಟೆ ಹತ್ತಿರದ ಮಲ್ಲಾಪುರದಲ್ಲಿ ಒಂದೇ ಅಣೆಕಟ್ಟಿಗೆ ಎರಡು ಕಡೆ ಶಂಕುಸ್ಥಾಪನೆ ನಡೆಯಿತು. ಬಲದಂಡೆಯಲ್ಲಿ ಅಡಿಗಲ್ಲು ಇಟ್ಟವರು ಮದ್ರಾಸ್ ಪ್ರಾಂತ್ಯದ ಗವರ್ನರ್ ಸರ್ ಆರ್ಥರ್ ಹೋಪ್. ಎಡದಂಡೆಯಲ್ಲಿ ಇಟ್ಟವರು ಹೈದರಾಬಾದ್ ನಿಜಾಮರ ಹಿರಿಯ ಮಗ, ಬೇರಾರಿನ ರಾಜಕುಮಾರ ಆಜಂ ಜಾ. ನಡುವೆ ತುಂಗಭದ್ರೆ. ಹೊಳೆಯ ಈಚೆಗೆ ಬ್ರಿಟಿಷ್ ರೂಪಾಯಿ, ಆಚೆಗೆ ನಿಜಾಮರ ಹಾಲಿ ಸಿಕ್ಕಾ. ಈಚೆ ಸರ್ಕಾರದ ಕಾಗದಪತ್ರ ಇಂಗ್ಲಿಷಿನಲ್ಲಿ, ಆಚೆ ಉರ್ದುವಿನಲ್ಲಿ. ಸರಕು ಹೊತ್ತು ಹೊಳೆ ದಾಟಿದರೆ ಕರೋಡಗಿರಿ ನಾಕೆಯಲ್ಲಿ ಸುಂಕ ಕಟ್ಟಬೇಕು. ಎರಡೂ ದಡದ ಹಳ್ಳಿಗಳಲ್ಲಿ ಆಡುವ ಮಾತು ಮಾತ್ರ ಕನ್ನಡ. ಮಳೆ ಕೈಕೊಟ್ಟ ವರ್ಷ ಎರಡೂ ದಡದಲ್ಲಿ ಹಸಿವೂ ಒಂದೇ.

ಎರಡನೆಯ ಮಹಾಯುದ್ಧ ಇನ್ನೂ ಮುಗಿದಿರಲಿಲ್ಲ. ಎರಡೂ ಕಡೆ ಆಳುತ್ತಿದ್ದವರು ಜನ ಆರಿಸಿದವರಲ್ಲ. ಅಂಥ ಎರಡು ಸರ್ಕಾರಗಳು ಕೂತು, ಒಂದು ಹೊಳೆಯನ್ನು ಸಮನಾಗಿ ಹಂಚಿಕೊಳ್ಳೋಣ, ಇಬ್ಬರೂ ಸೇರಿ ಒಂದೇ ಕಟ್ಟೆ ಕಟ್ಟೋಣ ಎಂದು ಒಪ್ಪಿದ್ದು ಈ ನಾಡಿನ ಚರಿತ್ರೆಯಲ್ಲಿ ದೊಡ್ಡ ಘಟನೆ. ಎಷ್ಟು ದೊಡ್ಡದು ಎಂದು ತಿಳಿಯಬೇಕಾದರೆ ಈ ಹೊಳೆ ಅದಕ್ಕೂ ಮೊದಲು ಏನಾಗಿತ್ತು ಎಂಬುದನ್ನು ನೋಡಬೇಕು.

ಕೃಷ್ಣೆ ಮತ್ತು ತುಂಗಭದ್ರೆಯ ನಡುವಿನ ರಾಯಚೂರು ದೋಆಬ್‌ಗಾಗಿ ಬಹಮನಿ, ಆಮೇಲೆ ಬಿಜಾಪುರದ ಸುಲ್ತಾನರೂ ವಿಜಯನಗರದ ಅರಸರೂ ಹದಿನಾಲ್ಕನೆಯ ಶತಮಾನದಿಂದ ಕಾದಾಡಿದರು. ಬುಕ್ಕರಾಯನ ಕಾಲದಲ್ಲಿ ಮುದಗಲ್ಲು, 1520ರಲ್ಲಿ ಕೃಷ್ಣದೇವರಾಯ ಗೆದ್ದ ರಾಯಚೂರು. ಕೋಟೆ ಕೈಬದಲಾದಾಗಲೆಲ್ಲ ಸುತ್ತಲಿನ ಹಳ್ಳಿಗಳು ಸುಟ್ಟವು. ಆ ಕಾಲದಲ್ಲಿ ರಾಜ್ಯಗಳ ನಡುವೆ ಒಪ್ಪಂದಗಳೇ ಆಗಲಿಲ್ಲ ಎಂದಲ್ಲ. 1547ರ ಸೆಪ್ಟೆಂಬರ್‌ನಲ್ಲಿ ಸದಾಶಿವರಾಯನ ಸರ್ಕಾರ ಗೋವೆಯ ಪೋರ್ಚುಗೀಸ್ ಗವರ್ನರ್ ಜೊವಾವ್ ದ ಕ್ಯಾಸ್ಟ್ರೊ ಜೊತೆ ವಿಸ್ತಾರವಾದ ವ್ಯಾಪಾರ ಒಪ್ಪಂದವನ್ನೇ ಮಾಡಿಕೊಂಡಿತು. ಗೋವೆಯಲ್ಲಿ ಇಳಿಯುವ ಅರಬ್ಬಿ, ಪರ್ಷಿಯಾದ ಕುದುರೆಗಳು ವಿಜಯನಗರಕ್ಕೇ ಬರಬೇಕು, ಬಿಜಾಪುರಕ್ಕೆ ಒಂದೂ ಹೋಗಬಾರದು. ವಿಜಯನಗರದ ಬಟ್ಟೆ ಬಿಜಾಪುರದ ಬಂದರುಗಳಿಗೆ ಹೋಗದೆ ಅಂಕೋಲೆ, ಹೊನ್ನಾವರಗಳಿಗೇ ಇಳಿಯಬೇಕು. ಇಬ್ಬರೂ ಸೇರಿ ಬಿಜಾಪುರದ ಮೇಲೆ ಯುದ್ಧ ಮಾಡಿದರೆ ಗೆದ್ದ ನೆಲದಲ್ಲಿ ಯಾರಿಗೆ ಯಾವ ಪಾಲು ಎಂಬುದೂ ಅದರಲ್ಲಿತ್ತು. ದೂರದ ಗೆಳೆಯನನ್ನು ಕಟ್ಟಿಕೊಂಡು ಪಕ್ಕದ ಮನೆಯವನನ್ನು ಹಸಿವಿಗೆ ಕೆಡಹುವ ಕರಾರು ಅದು. ಹದಿನೆಂಟು ವರ್ಷ ಕಳೆಯುವಷ್ಟರಲ್ಲಿ, 1565ರಲ್ಲಿ, ನೆರೆಯ ಸುಲ್ತಾನರು ಒಂದಾಗಿ ಬಂದರು. ಹಂಪಿ ಹಾಳಾಯಿತು. ಆ ಸೋಲಿಗೆ ಕಾರಣಗಳು ಹಲವು ಎಂಬುದು ನಿಜ. ನೆರೆಯವರನ್ನು ಹೊರಗಿಟ್ಟು ಬೆಳೆಸಿದ ಸಂಪತ್ತನ್ನು ನೆರೆಯವರಿಂದ ಕಾಪಾಡಿಕೊಳ್ಳಲು ಆಗಲಿಲ್ಲ ಎಂಬುದೂ ನಿಜ.

ನೀರಿನ ವಿಷಯದಲ್ಲಿ ವಿಜಯನಗರದವರು ಹೆಚ್ಚು ತಿಳಿದವರಾಗಿದ್ದರು. ಹೊಳೆಗೆ ಅಡ್ಡಲಾಗಿ ಬಂಡೆಯಿಂದ ಬಂಡೆಗೆ ಕಲ್ಲು ಜೋಡಿಸಿ ಗಿಡ್ಡನೆಯ ಅಣೆಗಳನ್ನು ಕಟ್ಟಿ ಕಾಲುವೆ ತೆಗೆದರು: ರಾಯ, ಬಸವಣ್ಣ, ಬೆಲ್ಲ, ತುರ್ತಾ, ಕಾಳಘಟ್ಟ, ರಾಮಸಾಗರ, ಕಂಪ್ಲಿ. ತುರ್ತಾ ಕಾಲುವೆ ಇಂದಿಗೂ ಹಂಪಿಯ ಹಾಳು ಗೋಡೆಗಳ ನಡುವೆ ಬಾಳೆತೋಟಗಳಿಗೆ ನೀರುಣಿಸುತ್ತ ಹರಿಯುತ್ತದೆ. ಸಾಮ್ರಾಜ್ಯ ಹೋಯಿತು, ಕಾಲುವೆ ನಿಲ್ಲಲಿಲ್ಲ. ಹೊಸಪೇಟೆಯ ಪಕ್ಕದ ಕಣಿವೆಯಲ್ಲಿ ದೊಡ್ಡ ಕೆರೆ ಕಟ್ಟಿಸಲು ಕೃಷ್ಣದೇವರಾಯ ಗೋವೆಯ ಗವರ್ನರನಿಂದ ಜೊವಾವ್ ದೆ ಲಾ ಪೊಂಟೆ ಎಂಬ ಕಲ್ಲುಕೆಲಸದ ನಿಪುಣನನ್ನು ಕರೆಸಿಕೊಂಡನೆಂದೂ, ಕಟ್ಟೆ ನಿಲ್ಲದೆ ಮತ್ತೆ ಮತ್ತೆ ಒಡೆಯಿತೆಂದೂ ಪೋರ್ಚುಗೀಸ್ ಪ್ರವಾಸಿ ನ್ಯೂನಿಜ್ ಬರೆದಿದ್ದಾನೆ. ಸಂಡೂರಿನ ದಾರಿಯಲ್ಲಿರುವ ರಾಯರ ಕೆರೆಯೇ ಅದು ಎಂದು ವಿದ್ವಾಂಸರು ಗುರುತಿಸುತ್ತಾರೆ.

ಹಳೆಯ ಕಾಲುವೆಗಳು ಹೊಳೆಯ ದಡದ ಕಿರಿದಾದ ಪಟ್ಟಿಯನ್ನಷ್ಟೇ ಹಸಿರಾಗಿ ಇಟ್ಟವು. ಅದರಾಚೆಗೆ ಬಳ್ಳಾರಿ, ಆದೋನಿ, ಸಿಂಧನೂರು, ಮಾನ್ವಿಗಳ ಎರೆಭೂಮಿ ಆಕಾಶ ನೋಡಿಕೊಂಡೇ ಇತ್ತು. 1876ರಿಂದ 78ರವರೆಗಿನ ಧಾತು ಈಶ್ವರ ಬರ ಈ ಸೀಮೆಯನ್ನು ಬರಿದು ಮಾಡಿತು. 1871ರ ಜನಗಣತಿಗೂ 1881ರ ಜನಗಣತಿಗೂ ನಡುವೆ ಬಳ್ಳಾರಿ ಜಿಲ್ಲೆಯ ಐದರಲ್ಲಿ ಸುಮಾರು ಒಂದು ಪಾಲು ಜನ ಕಡಿಮೆಯಾದರು. ಮದ್ರಾಸ್ ಪ್ರಾಂತ್ಯದ ಪರಿಹಾರ ಕಾಮಗಾರಿಗಳಿಗೆ ಬಂದ ರಿಚರ್ಡ್ ಟೆಂಪಲ್, ಕಲ್ಲು ಒಡೆಯುವ ಗಂಡಾಳಿನ ದಿನಗೂಲಿಯನ್ನು ಒಂದು ಪೌಂಡ್ ಧಾನ್ಯ ಮತ್ತು ಒಂದಾಣೆಗೆ ಇಳಿಸಿದ. ಮಲೆನಾಡಿನ ಮಳೆನೀರು ಹೊತ್ತು ಬರುವ ಹೊಳೆಯೊಂದು ಅದೇ ಜಿಲ್ಲೆಯ ಅಂಚಿನಲ್ಲಿ ಹರಿಯುತ್ತಿತ್ತು.

ಹಾಗಿದ್ದೂ ಅಣೆಕಟ್ಟು ಬರಲು ಇಷ್ಟು ವರ್ಷ ಏಕೆ ಬೇಕಾಯಿತು? ಗೋದಾವರಿಗೆ ಕಟ್ಟೆ ಕಟ್ಟಿದ ಆರ್ಥರ್ ಕಾಟನ್ ತುಂಗಭದ್ರೆಗೂ ದೊಡ್ಡ ಜಲಾಶಯ ಬೇಕೆಂದು 1860ರಲ್ಲೇ ಹೇಳಿದ್ದ. ಮದ್ರಾಸ್ ಇರಿಗೇಷನ್ ಕಂಪನಿ ಸುಂಕೇಸುಲದಲ್ಲಿ ಅಣೆ ಕಟ್ಟಿ ಕರ್ನೂಲು–ಕಡಪ ಕಾಲುವೆ ತೆಗೆದು ನಷ್ಟಕ್ಕೆ ಬಿತ್ತು. ಸರ್ಕಾರ 1882ರಲ್ಲಿ ಅದನ್ನು ಕೊಂಡಿತು. ಜಲಾಶಯದ ನಕ್ಷೆಗಳು ಮಾತ್ರ ಕಪಾಟಿನಿಂದ ಕಪಾಟಿಗೆ ಓಡಾಡಿದವು. ಹಣದ ಕೊರತೆ ಒಂದು ಕಾರಣ. ಮುಖ್ಯ ಕಾರಣ ಗಡಿ. ಹೊಳೆಯೇ ಗಡಿಯಾದ ಕಡೆ ಕಟ್ಟೆಯ ಒಂದು ತುದಿ ಪರರಾಜ್ಯದಲ್ಲಿ ಊರಬೇಕು. ಅಲ್ಲಿ ನಿಲ್ಲುವ ನೀರು ಎರಡೂ ರಾಜ್ಯದ ಊರುಗಳನ್ನು ಮುಳುಗಿಸಬೇಕು. ಮೇಲ್ಭಾಗದ ಮೈಸೂರು, ನಮ್ಮ ಪಾಲು ಖಾತ್ರಿಯಾಗದೆ ಕೆಳಗೆ ಕಟ್ಟೆ ಏಳಬಾರದು ಎನ್ನುತ್ತಿತ್ತು. ಹೊಳೆ ನೀರಿಗೆ ದೊಣ್ಣೆನಾಯಕನ ಅಪ್ಪಣೆ ಏಕೆ ಎಂಬ ಗಾದೆ ನಮ್ಮಲ್ಲಿದೆ. ತುಂಗಭದ್ರೆಗೆ ಮೂವರು ನಾಯಕರ ಅಪ್ಪಣೆ ಬೇಕಾಯಿತು, ಅದಕ್ಕೆ ಎಂಬತ್ತು ವರ್ಷ ಹಿಡಿಯಿತು.

1943ರಲ್ಲಿ ಬಂಗಾಳದಲ್ಲಿ ಲಕ್ಷಾಂತರ ಜನ ಹಸಿವಿನಿಂದ ಸತ್ತರು. ಆಹಾರ ಬೆಳೆಯುವ ಮಾತನ್ನು ಇನ್ನು ಮುಂದೂಡುವಂತಿರಲಿಲ್ಲ. 1944ರ ಜೂನ್‌ನಲ್ಲಿ ಮದ್ರಾಸ್ ಮತ್ತು ಹೈದರಾಬಾದ್ ಒಪ್ಪಂದಕ್ಕೆ ಬಂದವು: ಜಲಾಶಯದಿಂದ ತಲಾ 65 ಟಿಎಂಸಿ ನೀರು. ಅದರ ಬೆನ್ನಲ್ಲೇ ಮೈಸೂರಿನ ಜೊತೆಗೂ ಕರಾರಾಯಿತು. ಆ ಒಪ್ಪಂದದಲ್ಲಿ ನನಗೆ ತುಂಬ ಮುಖ್ಯವೆನಿಸುವುದು ಅದರ ಜಾಣತನ. ಇಡೀ ಹೊಳೆಯ ನೀರನ್ನು ಶಾಶ್ವತವಾಗಿ ಹಂಚುವ ಜಗಳಕ್ಕೆ ಕೂತಿದ್ದರೆ ಇನ್ನೂ ಒಂದು ತಲೆಮಾರು ಹೋಗುತ್ತಿತ್ತು. ಸದ್ಯ ಕೆಲಸ ಶುರುಮಾಡಲು ಬೇಕಾದಷ್ಟು ನೀರನ್ನು ಹಂಚಿಕೊಳ್ಳೋಣ, ಉಳಿದದ್ದರ ಮೇಲೆ ಎಲ್ಲರ ಹಕ್ಕೂ ಹಾಗೇ ಇರಲಿ ಎಂದರು. ಬಗೆಹರಿಯದ್ದನ್ನು ಪಕ್ಕಕ್ಕಿಟ್ಟು ಒಪ್ಪಿಗೆಯಾದದ್ದನ್ನು ಹಿಡಿದು ಹೊರಟರು. ನದಿ, ವ್ಯಾಪಾರ, ರಸ್ತೆ ಯಾವುದರ ಬಗ್ಗೆಯಾದರೂ ನೆರೆಯ ದೇಶಗಳು ಮಾತಿಗೆ ಕೂತಾಗ ಮಾತು ಮುರಿಯುವುದು ಎಲ್ಲವನ್ನೂ ಒಂದೇ ಸಲ ಬಗೆಹರಿಸಲು ಹೋದಾಗ.

ಕಟ್ಟುವ ಕೆಲಸವೂ ಎರಡು ಕಡೆಯಿಂದ ಸಾಗಿತು. ಮದ್ರಾಸಿನ ಪರವಾಗಿ ಎಂ.ಎಸ್. ತಿರುಮಲೆ ಅಯ್ಯಂಗಾರ್, ಹೈದರಾಬಾದಿನ ಪರವಾಗಿ ವೇಪ ಕೃಷ್ಣಮೂರ್ತಿ ಮತ್ತು ಪಲ್ಲಿಮಲ್ಲಿ ಪಾಪಯ್ಯ ಮುಖ್ಯ ಎಂಜಿನಿಯರುಗಳು. ಯಂತ್ರಗಳಿಗಿಂತ ಕೈಗಳನ್ನೇ ನೆಚ್ಚುವುದು ಎಂದು ಅವರು ಮೊದಲೇ ತೀರ್ಮಾನಿಸಿದ್ದರು. ದುಡಿಯುವ ಕೈಗಳು ಬೇಕಾದಷ್ಟಿದ್ದವು, ಕೂಲಿಯ ಅಗತ್ಯವೂ ಅಷ್ಟೇ ಇತ್ತು. ಸುತ್ತಲಿನ ಗುಡ್ಡಗಳ ಕಲ್ಲನ್ನು ಸುಣ್ಣ–ಸುರ್ಕಿಯ ಗಾರೆಯಲ್ಲಿ ಕೂಡಿಸುತ್ತ ಹೋದರು. ಸುಮಾರು 2,450 ಮೀಟರ್ ಉದ್ದ, 49 ಮೀಟರ್ ಎತ್ತರ, ಮೇಲೆ 33 ಕ್ರಸ್ಟ್ ಗೇಟು. ಎಡದಂಡೆಯ ಕಾಲುವೆ ಮುನಿರಾಬಾದಿನಿಂದ ಹೊರಟು ಮೊದಲ ಮೂವತ್ತು ಕಿಲೋಮೀಟರ್ ಬೆಟ್ಟಗಳ ನಡುವೆಯೇ ದಾರಿ ಹುಡುಕಬೇಕಿತ್ತು. ಕಣಿವೆಗಳಿಗೆ ಏರಿ ಹಾಕಿ ನೀರು ನಿಲ್ಲಿಸಿದರು, ಕೊನೆಗೆ ಬೆಟ್ಟವನ್ನೇ ಕೊರೆದರು. ಆ ಸುರಂಗಕ್ಕೆ ಇಂದಿಗೂ ಪಾಪಯ್ಯ ಟನಲ್ ಎಂದೇ ಹೆಸರು. ಆನೆಗೊಂದಿ ಪಕ್ಕದ ಸಾಣಾಪುರ ಕೆರೆಯಲ್ಲಿ ಹರಿಗೋಲು ಹತ್ತಿ ಫೋಟೊ ತೆಗೆಸಿಕೊಳ್ಳುವ ಪ್ರವಾಸಿಗರು ತೇಲುವುದು ಇದೇ ಕಾಲುವೆಯ ನೀರಿನ ಮೇಲೆ.

ಕೆಲಸ ನಡೆಯುತ್ತಿರುವಾಗಲೇ ಎರಡು ಸರ್ಕಾರಗಳ ನಡುವಿನ ಗಡಿಗೆ ಬೆಂಕಿ ಬಿತ್ತು. 1947ರ ಆಗಸ್ಟ್‌ನಲ್ಲಿ ಮದ್ರಾಸ್ ಸ್ವತಂತ್ರ ಭಾರತದ ಪ್ರಾಂತ್ಯವಾಯಿತು, ನಿಜಾಮರು ಸೇರಲು ಒಪ್ಪಲಿಲ್ಲ. ಹದಿಮೂರು ತಿಂಗಳು ತುಂಗಭದ್ರೆ ಭಾರತಕ್ಕೂ ಹೈದರಾಬಾದಿಗೂ ನಡುವಿನ ಗಡಿಯಾಯಿತು. ನಿಜಾಮರ ಪರ ನಿಂತ ರಜಾಕಾರರ ಹಾವಳಿಗೆ ಹೆದರಿ ಜನ ಊರು ಬಿಟ್ಟರು. ಅಳವಂಡಿ ಶಿವಮೂರ್ತಿಸ್ವಾಮಿಯವರಂಥವರು ಮುಂಡರಗಿಯ ಗಡಿ ಶಿಬಿರದಿಂದ ಹೋರಾಟ ನಡೆಸಿದರು. 1948ರ ಸೆಪ್ಟೆಂಬರ್‌ನಲ್ಲಿ ಭಾರತದ ಸೇನೆ ಒಳಹೊಕ್ಕು, ಐದು ದಿನದಲ್ಲಿ ನಿಜಾಮರ ಸೇನೆ ಶರಣಾಯಿತು. ಇಷ್ಟೆಲ್ಲ ಆದರೂ 1944ರ ಹಂಚಿಕೆಯನ್ನು ಯಾರೂ ಹರಿದು ಎಸೆಯಲಿಲ್ಲ. ಕಟ್ಟೆಯ ಕೆಲಸ ಮತ್ತೆ ವೇಗ ಹಿಡಿಯಿತು.

ಕಟ್ಟೆ ಎದ್ದಂತೆ ಊರುಗಳು ಮುಳುಗಿದವು. ಸುಮಾರು 90 ಹಳ್ಳಿ, 54 ಸಾವಿರಕ್ಕೂ ಹೆಚ್ಚು ಜನ. ಹೊಸಪೇಟೆ, ಹಗರಿಬೊಮ್ಮನಹಳ್ಳಿ, ಹಡಗಲಿ, ಕೊಪ್ಪಳ ಸೀಮೆಗಳ ಹೊಳೆಸಾಲಿನ ಫಲವತ್ತಾದ ಹೊಲ, ತೋಟ, ಗುಡಿ, ಮಸೀದಿ, ಗೋರಿ ಎಲ್ಲವೂ ಹಿನ್ನೀರಿನ ತಳ ಸೇರಿದವು. ನಾರಾಯಣದೇವರಕೆರೆ ಎಂಬ ದೊಡ್ಡ ಊರು ಮುಳುಗಿ, ಅಲ್ಲಿಯ ಜನ ಮರಿಯಮ್ಮನಹಳ್ಳಿಯಲ್ಲಿ ನೆಲೆ ಕಂಡರು. ಅದೇ ಮರಿಯಮ್ಮನಹಳ್ಳಿ ಮುಂದೆ ರಂಗಕಲಾವಿದರ ಊರೆಂದು ನಾಡಿಗೆಲ್ಲ ಹೆಸರಾಯಿತು. ಎರಡು ಸರ್ಕಾರಗಳ ಒಪ್ಪಂದಪತ್ರದಲ್ಲಿ ನೀರಿಗೆ ಟಿಎಂಸಿ ಲೆಕ್ಕವಿತ್ತು. ನೆಲ ಬಿಟ್ಟುಕೊಟ್ಟವರಿಗೆ ಕಾಲುವೆಯ ಕೆಳಗೆ ನೀರಾವರಿ ನೆಲ ಸಿಗುತ್ತದೆ ಎಂಬ ಒಂದು ಸಾಲು ಅದೇ ತೂಕದಲ್ಲಿ ಇದ್ದಿದ್ದರೆ ಈ ಕಥೆ ಬೇರೆಯಾಗುತ್ತಿತ್ತು. ಬೆಳಕಿಗಾಗಿ, ಬೆಳೆಗಾಗಿ ಎಲ್ಲವನ್ನೂ ಕೊಟ್ಟವರು ಅವರು. ಅವರಲ್ಲಿ ಹೆಚ್ಚಿನವರಿಗೆ ಹಿನ್ನೀರಿನ ದಡದ ಮಡ್ಡಿ ನೆಲವೇ ಗತಿಯಾಯಿತು.

1953ರಲ್ಲಿ ಜಲಾಶಯದ ನೀರು ಕಾಲುವೆಗೆ ಹರಿಯಿತು. ಅದೇ ವರ್ಷ ಗಡಿ ಮತ್ತೆ ಕದಲಿತು. ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟುವುದಿತ್ತು, ಬಳ್ಳಾರಿ ಜಿಲ್ಲೆ ಯಾರಿಗೆ ಎಂಬುದು ಎಲ್ಲಕ್ಕಿಂತ ಕಾವೇರಿದ ಪ್ರಶ್ನೆಯಾಯಿತು. ನ್ಯಾಯಮೂರ್ತಿ ವಾಂಛೂ ವರದಿ, ಆಮೇಲೆ ಬಳ್ಳಾರಿ ತಾಲ್ಲೂಕಿಗಾಗಿಯೇ ನ್ಯಾಯಮೂರ್ತಿ ಮಿಶ್ರಾ ವಿಚಾರಣೆ. ಕೊನೆಗೆ ಆದೋನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಹೋದವು. ಬಳ್ಳಾರಿ, ಹೊಸಪೇಟೆ, ಸಂಡೂರು, ಸಿರುಗುಪ್ಪ, ಹಡಗಲಿ, ಹರಪನಹಳ್ಳಿ, ಕೂಡ್ಲಿಗಿ ಮೈಸೂರಿಗೆ ಬಂದವು. ಮೈಸೂರಿಗೆ ಸೇರುವ ಸಂಭ್ರಮದ ಮುನ್ನಾರಾತ್ರಿ ಬಳ್ಳಾರಿಯಲ್ಲಿ ಚಪ್ಪರ ಕಾಯುತ್ತಿದ್ದ ಪೈಲ್ವಾನ್ ರಂಜಾನ್ ಸಾಬ್ ಆ್ಯಸಿಡ್ ದಾಳಿಗೆ ಬಲಿಯಾದರು. 1955ರಲ್ಲಿ ರಾಜ್ಯ ಪುನರ್ವಿಂಗಡಣೆಯ ಫಜಲ್ ಅಲಿ ಆಯೋಗ ತುಂಗಭದ್ರಾ ಯೋಜನೆಯನ್ನೇ ಮುಂದಿಟ್ಟು ಬಳ್ಳಾರಿ, ಹೊಸಪೇಟೆ, ಸಿರುಗುಪ್ಪಗಳನ್ನು ಆಂಧ್ರಕ್ಕೆ ಕೊಡಿ ಎಂದಿತು. ಕನ್ನಡಿಗರು ಬೀದಿಗಿಳಿದರು, ಕೇಂದ್ರ ಆ ಸಲಹೆಯನ್ನು ಒಪ್ಪಲಿಲ್ಲ.

ಈ ಗದ್ದಲದಲ್ಲಿ ಒಂದು ಸಣ್ಣ ಅಧಿಸೂಚನೆ ಜನರ ಗಮನಕ್ಕೆ ಬರಲಿಲ್ಲ. ಆಂಧ್ರ ಹುಟ್ಟುವ ಎರಡು ದಿನ ಮೊದಲು, 1953ರ ಸೆಪ್ಟೆಂಬರ್ 29ರಂದು, ರಾಷ್ಟ್ರಪತಿಗಳ ಆದೇಶದಿಂದ ತುಂಗಭದ್ರಾ ಮಂಡಳಿ ಸ್ಥಾಪನೆಯಾಯಿತು. ಕಟ್ಟೆ, ಬಲದಂಡೆಯ ಜಂಟಿ ಕಾಲುವೆಗಳು, ಜಂಟಿ ವಿದ್ಯುದಾಗಾರಗಳ ಉಸ್ತುವಾರಿ ಅದರದು. ಅಧ್ಯಕ್ಷರನ್ನು ಕೇಂದ್ರ ನೇಮಿಸುತ್ತದೆ, ರಾಜ್ಯಗಳ ಪ್ರತಿನಿಧಿಗಳು ಸದಸ್ಯರು, ಖರ್ಚು ಹಂಚಿಕೆಯ ಮೇಲೆ. ಕಚೇರಿ ಹೊಸಪೇಟೆಯ ಟಿ.ಬಿ. ಡ್ಯಾಂನಲ್ಲಿ. ಅಣೆಕಟ್ಟು ಯಾರ ನೆಲದಲ್ಲಿದೆ ಎಂಬ ಪ್ರಶ್ನೆಯನ್ನು ನೀರು ಯಾರಿಗೆ ಎಂಬ ಪ್ರಶ್ನೆಯಿಂದ ಬೇರ್ಪಡಿಸಿದ್ದು ಈ ಮಂಡಳಿ. ಬಳ್ಳಾರಿ ಮೈಸೂರಿಗೆ ಬಂದ ಮಾತ್ರಕ್ಕೆ ಅನಂತಪುರ, ಕರ್ನೂಲಿನ ಹೊಲಗಳಿಗೆ ನೀರು ನಿಲ್ಲಲಿಲ್ಲ. 1956ರಲ್ಲಿ ಕೊಪ್ಪಳ, ರಾಯಚೂರು ಕೂಡ ಕನ್ನಡನಾಡಿಗೆ ಸೇರಿ ಎರಡೂ ದಡ ಒಂದೇ ರಾಜ್ಯವಾದವು. 2014ರಲ್ಲಿ ತೆಲಂಗಾಣ ಬೇರೆಯಾಯಿತು. ಮಂಡಳಿ ಉಳಿಯಿತು. ಕೃಷ್ಣಾ ಜಲವಿವಾದದ ಬಚಾವತ್ ನ್ಯಾಯಮಂಡಳಿ 1970ರ ದಶಕದಲ್ಲಿ ಈ ಯೋಜನೆಯ ನೀರನ್ನು 212 ಟಿಎಂಸಿ ಎಂದು ಲೆಕ್ಕ ಹಾಕಿ, 138.99 ಟಿಎಂಸಿ ಕರ್ನಾಟಕಕ್ಕೆ, 73.01 ಟಿಎಂಸಿ ಆಂಧ್ರಕ್ಕೆ ಎಂದು ಗೊತ್ತುಮಾಡಿತು. ಯಾವ ವರ್ಷ ಒಳಹರಿವು ಕಡಿಮೆಯಾದರೂ ಈ ಅನುಪಾತದಲ್ಲೇ ಎಲ್ಲರ ಪಾಲೂ ಇಳಿಯುತ್ತದೆ. ಕಾವೇರಿಯ ಜಗಳ ಕಂಡ ನಮಗೆ ಇದು ಎಷ್ಟು ದೊಡ್ಡ ಮಾತು ಎಂದು ಬಿಡಿಸಿ ಹೇಳಬೇಕಾಗಿಲ್ಲ.

ಜಗತ್ತಿನ ಬೇರೆ ಕಡೆಯೂ ಇಂಥ ಪ್ರಯತ್ನಗಳು ನಡೆದಿವೆ. ಬ್ರೆಜಿಲ್ ಮತ್ತು ಪರಾಗ್ವೆ ಗಡಿಯ ಪರಾನಾ ನದಿಗೆ ಸೇರಿ ಕಟ್ಟಿದ ಇಟಾಯ್ಪು ಅಣೆಕಟ್ಟಿನ ಒಪ್ಪಂದ 1973ರದು. ವಿದ್ಯುತ್ತು ಇಬ್ಬರಿಗೂ ಅರ್ಧರ್ಧ. ಆಫ್ರಿಕಾದಲ್ಲಿ ಮಾಲಿ, ಮಾರಿಟೇನಿಯ, ಸೆನೆಗಲ್ ದೇಶಗಳು 1972ರಲ್ಲಿ ಸೆನೆಗಲ್ ನದಿಗಾಗಿ ಒಂದು ಸಂಸ್ಥೆ ಕಟ್ಟಿಕೊಂಡವು. ಮಾಲಿಯಲ್ಲಿರುವ ಮನಂತಾಲಿ ಅಣೆಕಟ್ಟು ಮೂವರ ಜಂಟಿ ಆಸ್ತಿ. ಅದೂ ಒಳ್ಳೆಯ ಮಾದರಿಯೇ. ಆದರೆ ನೆರೆ ಇಳಿದ ಮೇಲೆ ಹಸಿ ನೆಲದಲ್ಲಿ ಜೋಳ ಬಿತ್ತಿ ಬದುಕುತ್ತಿದ್ದ ಕೆಳಭಾಗದ ರೈತರಿಗೆ, ಅಣೆಕಟ್ಟು ಬಂದು ನೆರೆ ನಿಂತಾಗ ಕಷ್ಟ ಬಂತು. ದೇಶ ದೇಶಗಳ ನಡುವಿನ ನ್ಯಾಯ ಹೊಲ ಹೊಲಗಳ ನಡುವಿನ ನ್ಯಾಯವಾಗಿ ತಾನಾಗಿ ಇಳಿದುಬರುವುದಿಲ್ಲ. ತುಂಗಭದ್ರೆಯ ಕಾಲುವೆಗಳ ಮೇಲೆ ನಡೆದದ್ದನ್ನು ನೋಡಿದರೆ ಇದು ಇನ್ನೂ ಸ್ಪಷ್ಟವಾಗುತ್ತದೆ.

ಈ ಯೋಜನೆ ಹುಟ್ಟಿದ್ದು ಬರ ತಡೆಯಲು. ಆದ್ದರಿಂದ ನೀರನ್ನು ತೆಳ್ಳಗೆ, ಅಗಲವಾಗಿ ಹರಡಬೇಕೆಂದು ಯೋಚಿಸಿದ್ದರು. ಎಡದಂಡೆಯಲ್ಲೇ ಸುಮಾರು 6 ಲಕ್ಷ ಎಕರೆ. ಅದರಲ್ಲಿ ಭತ್ತಕ್ಕೆ, ಕಬ್ಬಿಗೆ ಸಣ್ಣ ಪಾಲು. ಉಳಿದದ್ದೆಲ್ಲ ಜೋಳ, ಹತ್ತಿ, ಶೇಂಗಾದಂಥ ಅರೆನೀರಾವರಿ ಬೆಳೆಗೆ. ಯಾವ ಸರ್ವೆ ನಂಬರಿನಲ್ಲಿ ಯಾವ ಬೆಳೆ ಎಂಬುದನ್ನು ಕಾಗದದ ಮೇಲೆ ಬರೆದೂ ಆಗಿತ್ತು. ಆದರೆ ಎರೆಹೊಲವನ್ನು ಮಟ್ಟ ಮಾಡಿ ಬದು ಹಾಕಿ ನೀರಾವರಿಗೆ ಒಗ್ಗಿಸಲು ಹಣ ಬೇಕು, ಅನುಭವ ಬೇಕು. ಮಳೆ ನಂಬಿ ಜೋಳ ಬಿತ್ತಿ ಬದುಕಿದ್ದ ಇಲ್ಲಿಯ ಸಣ್ಣ ರೈತನ ಹತ್ತಿರ ಎರಡೂ ಇರಲಿಲ್ಲ. ಆಗ ಬಂದವರು ಕರಾವಳಿ ಆಂಧ್ರದ ರೈತರು. ಕೃಷ್ಣಾ, ಗೋದಾವರಿ ಮುಖಜಭೂಮಿಯಲ್ಲಿ ಒಂದೆಕರೆ ಮಾರಿದರೆ ಇಲ್ಲಿ ಹಲವು ಎಕರೆ ಸಿಗುತ್ತಿತ್ತು. ಗಂಗಾವತಿ, ಸಿಂಧನೂರು, ಸಿರುಗುಪ್ಪ, ಕಂಪ್ಲಿ ಸುತ್ತ ಅವರ ಕ್ಯಾಂಪ್‌ಗಳು ಎದ್ದವು. ಮೈಮುರಿದು ದುಡಿದರು, ಭತ್ತ ಬೆಳೆದರು, ಅಕ್ಕಿ ಗಿರಣಿಗಳು ಬಂದವು. ಗಂಗಾವತಿ ಭತ್ತದ ಕಣಜವಾಯಿತು, ಇಲ್ಲಿಯ ಸೋನಾ ಮಸೂರಿ ನಾಡಿನ ಮೂಲೆಮೂಲೆಯ ತಟ್ಟೆಗೆ ಹೋಯಿತು. ಅವರಿಂದ ಭತ್ತದ ಬೇಸಾಯ ಕಲಿತು ಬಾಳು ಕಟ್ಟಿಕೊಂಡ ಕನ್ನಡ ರೈತರೂ ಬಹಳ. ಸಿಂಧನೂರಿನ ಆರ್‌ಎಚ್ ಕ್ಯಾಂಪ್‌ಗಳಲ್ಲಿ ಪೂರ್ವ ಪಾಕಿಸ್ತಾನದಿಂದ ನಿರಾಶ್ರಿತರಾಗಿ ಬಂದ ಬಂಗಾಳಿ ಕುಟುಂಬಗಳಿಗೂ ಇದೇ ಕಾಲುವೆ ಅನ್ನ ಕೊಟ್ಟಿತು. ಹೊರಗಿನವರು ಬಂದು ಕೆಡಿಸಿದರು ಎಂಬ ಮಾತನ್ನು ನಾನು ಒಪ್ಪುವುದಿಲ್ಲ.

ಕೆಟ್ಟದ್ದು ನೀರಿನ ಲೆಕ್ಕ. ಜೋಳಕ್ಕೆಂದು ಗುರುತಾದ ನೆಲದಲ್ಲೆಲ್ಲ ಭತ್ತ ನಾಟಿಯಾಯಿತು. ಕಾಲುವೆಯ ಮೇಲ್ಭಾಗದವರು ತೂಬು ದೊಡ್ಡದು ಮಾಡಿಕೊಂಡರು, ಪಂಪ್ ಇಟ್ಟು ಎತ್ತಿಕೊಂಡರು. ಸರ್ಕಾರಗಳು ನೋಡಿಯೂ ನೋಡದಂತಿದ್ದವು. ಮಾನ್ವಿ, ಸಿರವಾರ, ರಾಯಚೂರಿನ ಕೊನೆಭಾಗಕ್ಕೆ ನೀರು ಹೋಗುವುದೇ ಕಷ್ಟವಾಯಿತು. ಮೇಲೆ ನೀರು ಹೆಚ್ಚಾಗಿ ನೆಲ ಜೌಗಾಗಿ, ಉಪ್ಪು ಮೇಲೆದ್ದು ಸವುಳಾಯಿತು. ಕೆಳಗೆ ನೀರಿಲ್ಲದೆ ಪೈರು ಒಣಗಿತು. ಕಾಲುವೆಯ ಗೇಜ್ ನೋಡುತ್ತ ರಾತ್ರಿಯೆಲ್ಲ ಕೂರುವ, ರಸ್ತೆ ತಡೆ ಮಾಡಿ ನೀರು ಕೇಳುವ ಕೊನೆಭಾಗದ ರೈತರ ಸುದ್ದಿ ಪ್ರತಿ ಚಳಿಗಾಲ ಪತ್ರಿಕೆಗಳಲ್ಲಿ ಬರುತ್ತದೆ. ನೀರು ಕಡಿಮೆಯಾದ ವರ್ಷ ಕಾಲುವೆಯ ದಂಡೆಯ ಮೇಲೆ ನಿಷೇಧಾಜ್ಞೆ ಹಾಕಿ ಪೊಲೀಸರನ್ನು ನಿಲ್ಲಿಸಿದ್ದೂ ಉಂಟು. ಕರ್ನಾಟಕ, ಆಂಧ್ರಗಳ ನಡುವೆ ಪಾಯಿಂಟ್ ಲೆಕ್ಕದಲ್ಲಿ ಹಂಚಿಕೆಯಾಗುವ ನೀರು ಗಂಗಾವತಿಗೂ ಮಾನ್ವಿಗೂ ನಡುವೆ ಹಾಗೆ ಹಂಚಿಕೆಯಾಗಲಿಲ್ಲ.

ಕಟ್ಟೆಯ ಜೊತೆ ಹುಟ್ಟಿದ ಇನ್ನೊಂದು ಜಂಟಿ ಸಂಸ್ಥೆಯ ಕಥೆಯನ್ನೂ ಇಲ್ಲಿ ಹೇಳಬೇಕು. ಅಣೆಕಟ್ಟಿನ ಗೇಟುಗಳಿಗಾಗಿ ತೆರೆದ ಕಾರ್ಯಾಗಾರ 1960ರಲ್ಲಿ ತುಂಗಭದ್ರಾ ಸ್ಟೀಲ್ ಪ್ರಾಡಕ್ಟ್ಸ್ ಎಂಬ ಕಂಪನಿಯಾಯಿತು. ಮೈಸೂರು ಮತ್ತು ಆಂಧ್ರ ಸರ್ಕಾರಗಳು ಅದರ ಪಾಲುದಾರರು. ಆಮೇಲೆ ಅದು ಕೇಂದ್ರದ ಉದ್ದಿಮೆಯಾಯಿತು. ದೇಶದ ಎಷ್ಟೋ ಅಣೆಕಟ್ಟುಗಳ ಗೇಟು ಹೊಸಪೇಟೆಯಲ್ಲಿ ತಯಾರಾದವು, ಸಾವಿರಾರು ಮನೆಗಳ ಒಲೆ ಉರಿಯಿತು. ನಷ್ಟದ ಹೆಸರಿನಲ್ಲಿ 2015ರಲ್ಲಿ ಕೇಂದ್ರ ಸಚಿವ ಸಂಪುಟ ಅದನ್ನು ಮುಚ್ಚಲು ತೀರ್ಮಾನಿಸಿತು.

2024ರ ಆಗಸ್ಟ್ 10ರ ರಾತ್ರಿ, ಜಲಾಶಯ ತುಂಬಿ ನಿಂತಿದ್ದಾಗ, 19ನೆಯ ಕ್ರಸ್ಟ್ ಗೇಟಿನ ಚೈನ್ ತುಂಡಾಗಿ ಗೇಟು ಕೊಚ್ಚಿಹೋಯಿತು. ಒತ್ತಡ ತಗ್ಗಿಸಲು ಉಳಿದ ಗೇಟುಗಳನ್ನೂ ತೆರೆಯಬೇಕಾಯಿತು, ಹತ್ತಾರು ಟಿಎಂಸಿ ನೀರು ಹೊಳೆಪಾಲಾಯಿತು. ಮುಂದಿನ ಒಂದು ವಾರ ಮೂರು ರಾಜ್ಯಗಳ ರೈತರು ಟಿವಿ ಮುಂದಿನಿಂದ ಏಳಲಿಲ್ಲ. ಗೇಟು ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ, ಹರಿಯುವ ನೀರಿನ ಮೇಲೆಯೇ ಸ್ಟಾಪ್‌ಲಾಗ್ ತುಂಡುಗಳನ್ನು ಒಂದರ ಮೇಲೊಂದು ಇಳಿಸಲಾಯಿತು. ತುಂಡುಗಳು ತಯಾರಾದದ್ದು ಅಣೆಕಟ್ಟಿನ ಪಕ್ಕದ ಹೊಸಹಳ್ಳಿಯ ಕಾರ್ಖಾನೆಗಳಲ್ಲಿ, ಸಂಡೂರು ತಾಲ್ಲೂಕಿನ ತೋರಣಗಲ್ಲಿನಲ್ಲಿ. ಆಗಸ್ಟ್ 17ರ ಹೊತ್ತಿಗೆ ನೀರು ನಿಂತಿತು. ಆ ವಾರ ಆಂಧ್ರದ ನೀರು, ಕರ್ನಾಟಕದ ನೀರು ಎಂದು ಯಾರೂ ಜಗಳಕ್ಕೆ ನಿಲ್ಲಲಿಲ್ಲ. ಎಲ್ಲರಿಗೂ ಸೇರಿದ ಆಸ್ತಿಯ ನಿರ್ವಹಣೆಗೆ ಎಲ್ಲರೂ ಸಕಾಲಕ್ಕೆ ಹಣ ಕೊಡಬೇಕು ಎಂಬುದನ್ನು ಮಾತ್ರ ಬಹಳ ವರ್ಷ ಯಾರೂ ನೆನಪಿಟ್ಟಿರಲಿಲ್ಲ.

ಇದಕ್ಕೂ ಒಂದು ವರ್ಷ ಮೊದಲು, 2023ರ ಜುಲೈನಲ್ಲಿ, ಜಿ–20 ದೇಶಗಳ ಶೆರ್ಪಾಗಳು, ಅಂದರೆ ನಾಯಕರ ಪ್ರತಿನಿಧಿಗಳು, ಹಂಪಿಯಲ್ಲಿ ಸೇರಿದ್ದರು. ಆಫ್ರಿಕಾದ ಒಕ್ಕೂಟಕ್ಕೂ ಈ ಕೂಟದಲ್ಲಿ ಪೂರ್ಣ ಸದಸ್ಯತ್ವ ಕೊಡಬೇಕೆಂಬ ಭಾರತದ ಪ್ರಸ್ತಾಪ ಅಲ್ಲಿ ಕರಡಿಗೆ ಬಂತು, ಸೆಪ್ಟೆಂಬರ್‌ನಲ್ಲಿ ದೆಹಲಿಯಲ್ಲಿ ಅಂಗೀಕಾರವಾಯಿತು. ಆಫ್ರಿಕಾದ ಐವತ್ತೈದು ದೇಶಗಳನ್ನು ಹೊರಗಿಟ್ಟು ಅವರ ಬಗ್ಗೆ ತೀರ್ಮಾನ ಮಾಡುವುದು ಸರಿಯಲ್ಲ ಎಂದು ಜಗತ್ತು ಒಪ್ಪಿದ್ದು ಅಣೆಕಟ್ಟಿನಿಂದ ಇಪ್ಪತ್ತು ಕಿಲೋಮೀಟರ್ ಕೂಡ ಇಲ್ಲದ ಜಾಗದಲ್ಲಿ ನಡೆದ ಮಾತುಕತೆಯ ದಾರಿಯಾಗಿ.

ಜಲಾಶಯ ಕಟ್ಟಿದಾಗ ಅದರ ಸಾಮರ್ಥ್ಯ 132 ಟಿಎಂಸಿ ದಾಟಿತ್ತು. ಹೂಳು ತುಂಬಿ ಈಗ 105.78 ಟಿಎಂಸಿಗೆ ಇಳಿದಿದೆ. ಆ ನಷ್ಟ ತುಂಬಿಕೊಳ್ಳಲು ಕೊಪ್ಪಳ ಜಿಲ್ಲೆಯ ನವಲಿಯ ಬಳಿ ಸಮತೋಲನ ಜಲಾಶಯ ಕಟ್ಟಬೇಕೆಂಬ ಕರ್ನಾಟಕದ ಪ್ರಸ್ತಾಪಕ್ಕೆ ಆಂಧ್ರ, ತೆಲಂಗಾಣಗಳ ಒಪ್ಪಿಗೆ ಬೇಕು. ಅಂದರೆ 1944ರಂತೆ ಮತ್ತೊಂದು ಒಪ್ಪಂದಕ್ಕೆ ಈ ಸರ್ಕಾರಗಳು ಕೂರಲೇಬೇಕು. ಜಿ–20ರಲ್ಲಿ ಒಪ್ಪಿದ ಮಾತು ಇಲ್ಲಿಗೂ ಸಲ್ಲುತ್ತದೆ. ಇಂದಿನ ಮಂಡಳಿಯಲ್ಲಿ ಕೇಂದ್ರದ, ರಾಜ್ಯಗಳ ಪ್ರತಿನಿಧಿಗಳಿದ್ದಾರೆ, ರೈತರಿಲ್ಲ. ಈ ಸಲ ಕೂರುವಾಗ ಮಾನ್ವಿಯ ಕೊನೆಭಾಗದ ರೈತನಿಗೂ ಕರ್ನೂಲಿನ ಕೊನೆಭಾಗದ ರೈತನಿಗೂ ರಾಜೋಳಿಬಂಡೆ ಕಾಲುವೆ ನಂಬಿದ ತೆಲಂಗಾಣದ ರೈತನಿಗೂ ಆ ಮೇಜಿನಲ್ಲಿ ಕುರ್ಚಿ ಹಾಕಿ. ನವಲಿಯಲ್ಲಿ ನೆಲ ಕಳೆದುಕೊಳ್ಳುವವರ ಪಾಲನ್ನು, ನೀರಿನ ಪಾಲನ್ನು ಬರೆಯುವ ಪುಟದಲ್ಲೇ, ಅದಕ್ಕಿಂತ ಮೊದಲು ಬರೆಯಿರಿ.